ಹೆಸರಾಂತ ವಿಶ್ವವಿದ್ಯಾನಿಲಯ: ಹೋಗುವುದೋ, ಉಳಿಯುವುದೋ?

ಪದವಿ ತರಗತಿಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಜಿಲ್ಲಾ ಕೇಂದ್ರಗಳ ಅನೇಕ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ನಡೆಯುವುದುಂಟು. ಮಗನೋ ಮಗಳೋ ಊರ ಕಾಲೇಜಿನಲ್ಲಿ ಒಂದು ವರ್ಷ ಓದಿ ಒಳ್ಳೆಯ ಅಂಕಗಳನ್ನು ಪಡೆದಿರುತ್ತಾರೆ. ಇಲ್ಲಿಯೇ ಮುಂದುವರಿಯುವುದೋ, ಬೆಂಗಳೂರಿಗೋ ದಿಲ್ಲಿಗೋ ಹೋಗಿ ದೊಡ್ಡ ಹೆಸರಿನ ವಿದ್ಯಾಸಂಸ್ಥೆಯೊಂದನ್ನು ಸೇರುವುದೋ ಎಂಬುದು ಪ್ರಶ್ನೆ. ತಂದೆ ಖರ್ಚಿನ ಲೆಕ್ಕ ಹಾಕುತ್ತಾರೆ. ತಾಯಿ ದೂರದ ಲೆಕ್ಕ ಹಾಕುತ್ತಾರೆ. ನೆರೆಹೊರೆಯವರು ಹೆಸರಿನ ಲೆಕ್ಕ ಹಾಕುತ್ತಾರೆ. ವಿದ್ಯೆಯ ಲೆಕ್ಕವನ್ನು ಹಾಕುವವರು ಮಾತ್ರ ವಿರಳ.

ಈ ವಿಷಯದಲ್ಲಿ ನಮ್ಮ ಗಾದೆಗಳೂ ಒಮ್ಮತಕ್ಕೆ ಬರಲಾರವು. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುವವರೂ ನಮ್ಮ ಹಿರಿಯರೇ. ದೂರದ ಬೆಟ್ಟ ನುಣ್ಣಗೆ ಎಂದು ಎಚ್ಚರಿಸಿದವರೂ ಅವರೇ. ಹಿತ್ತಲ ಗಿಡ ಮದ್ದಲ್ಲವೆಂಬ ಮಾತಿನಲ್ಲಿ ಹಿತ್ತಲನ್ನು ಕಡೆಗಣಿಸುವ ನಮ್ಮ ಸ್ವಭಾವದ ಮೇಲಿನ ಪರಿಹಾಸವೂ ಇದೆ. ಆದುದರಿಂದ ಗಾದೆಗಳನ್ನು ಬದಿಗಿಟ್ಟು, ಇಂದಿನ ಪರಿಸ್ಥಿತಿಯನ್ನು ಇದ್ದಂತೆಯೇ ನೋಡುವುದು ಲೇಸು.

ಮೊದಲನೆಯದಾಗಿ ಹೇಳಬೇಕಾದುದು, ಈ ಪ್ರಶ್ನೆಯ ರೂಪವೇ ಇತ್ತೀಚಿನ ವರ್ಷಗಳಲ್ಲಿ ಬದಲಾಗಿದೆ ಎಂಬುದು. ಹಿಂದೆ ಒಂದು ವಿಶ್ವವಿದ್ಯಾನಿಲಯದ ಪದವಿ ತರಗತಿಯಿಂದ ಇನ್ನೊಂದಕ್ಕೆ ನಡುವೆಯೇ ಹೋಗುವುದು ಬಹುಮಟ್ಟಿಗೆ ಆಗದ ಮಾತಾಗಿತ್ತು. ಪಠ್ಯಕ್ರಮ ಬೇರೆ, ಪರೀಕ್ಷೆ ಬೇರೆ, ಟಿ.ಸಿ., ಮೈಗ್ರೇಷನ್ ಸರ್ಟಿಫಿಕೇಟು, ಅರ್ಹತಾಪತ್ರ ಎಂದು ಕಚೇರಿಗಳ ಕಂಬ ಸುತ್ತುವುದರಲ್ಲಿಯೇ ವರ್ಷ ಕಳೆಯುತ್ತಿತ್ತು. ಈ ತೊಡಕನ್ನು ಸಡಿಲಿಸುವ ಉದ್ದೇಶದಿಂದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ, 2021ರ ಜುಲೈನಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕು ಜಾರಿಗೆ ಬಂದಿತು. ವಿದ್ಯಾರ್ಥಿ ಒಂದೆಡೆ ಗಳಿಸಿದ ಕ್ರೆಡಿಟ್ಟುಗಳು ಅವನ ಖಾತೆಯಲ್ಲಿ ಜಮೆಯಾಗಿರುತ್ತವೆ; ಅವು ಹೆಚ್ಚೆಂದರೆ 7 ವರ್ಷ ಊರ್ಜಿತವಾಗಿರುತ್ತವೆ; ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟನ್ನಾದರೂ ಗಳಿಸಿದ್ದರೆ, ಉಳಿದವನ್ನು ಬೇರೆಡೆಯಿಂದ ತರಬಹುದು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆಲ್ಲ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು. ಪದವಿ ತರಗತಿಗಳ ಆ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಹಾಸನದ ಅಥವಾ ಕೊಪ್ಪಳದ ವಿದ್ಯಾರ್ಥಿಗೆ ದಿಲ್ಲಿಯ ಬಾಗಿಲು ಕಾಗದದ ಮೇಲಾದರೂ ತೆರೆಯಿತು.

ಕಾಗದದ ಮೇಲೆ ಎಂದುದು ಸುಮ್ಮನೆ ಅಲ್ಲ. ಕ್ರೆಡಿಟ್ಟಿನ ಖಾತೆ ಇದ್ದ ಮಾತ್ರಕ್ಕೆ ಎರಡನೆಯ ವರ್ಷದಲ್ಲಿ ಸೇರಿಸಿಕೊಳ್ಳಬೇಕೆಂಬ ನಿರ್ಬಂಧ ಯಾವ ವಿಶ್ವವಿದ್ಯಾನಿಲಯಕ್ಕೂ ಇಲ್ಲ. ಸ್ಥಾನ ತೆರವಾಗಿರಬೇಕು, ಓದಿದ ವಿಷಯಗಳು ಹೊಂದಬೇಕು, ಅಲ್ಲಿಯ ಅಧಿಕಾರಿಗಳು ಒಪ್ಪಬೇಕು. ಪ್ರವೇಶ ಪರೀಕ್ಷೆಯ ಮೂಲಕ ಹೋಗುವವನಾದರೋ ಮತ್ತೆ ಮೊದಲನೆಯ ವರ್ಷದಿಂದ ಆರಂಭಿಸಬೇಕು. ಓದಿದ ವರ್ಷ ಕಳೆದುಹೋದಂತೆಯೇ ಸರಿ. ಇದರ ಜೊತೆಗೆ ನಮ್ಮ ರಾಜ್ಯದ ತೊಡಕೊಂದು ಸೇರಿಕೊಂಡಿದೆ. 2021ರಲ್ಲಿ ಇಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. 2024ರಲ್ಲಿ ರಾಜ್ಯ ಶಿಕ್ಷಣ ನೀತಿಯ ಆಯೋಗದ ಮಧ್ಯಂತರ ವರದಿಯ ಮೇರೆಗೆ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನೀತಿಯ ಗುಣದೋಷ ಏನೇ ಇರಲಿ, ಇಲ್ಲಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿಗೆ ಮಾತ್ರ ಎರಡು ಅಳತೆಗೋಲುಗಳ ನಡುವೆ ಸಿಕ್ಕಿದ ಅನುಭವ.

ಇಷ್ಟರ ಮೇಲೆ 2025ರ ಫೆಬ್ರುವರಿಯಲ್ಲಿ ಬಂದ ಸುದ್ದಿಯನ್ನೂ ನೆನೆಯಬೇಕು. 2023ರ ಸುಮಾರಿಗೆ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ ಮುಂತಾದೆಡೆ ಹೊಸ ವಿಶ್ವವಿದ್ಯಾನಿಲಯಗಳು ತಲೆಯೆತ್ತಿದ್ದವು. ಎರಡು ವರ್ಷ ತುಂಬುವುದರೊಳಗೆ ಸಚಿವ ಸಂಪುಟದ ಉಪಸಮಿತಿ, ಹಣದ ಕೊರತೆಯ ಕಾರಣದಿಂದ ರಾಜ್ಯದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಂದುವರಿಸುವುದು ಕಷ್ಟವೆಂಬ ಅಭಿಪ್ರಾಯಕ್ಕೆ ಬಂದಿತು. ಅದರಿಂದ ಎದ್ದ ರಾಜಕೀಯ ವಾದವಿವಾದವನ್ನು ವಾಚಕರು ಬಲ್ಲರು. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದುದು ಇಷ್ಟೆ: ತಾನು ಓದುತ್ತಿರುವ ಸಂಸ್ಥೆ ನಾಳೆ ಇರುವುದೋ ಇಲ್ಲವೋ ಎಂಬ ಸಂಶಯ ಒಮ್ಮೆ ಮೊಳೆತರೆ, ಬುದ್ಧಿವಂತ ವಿದ್ಯಾರ್ಥಿ ಹೊರಡುವ ದಾರಿ ಹುಡುಕುವುದು ಸಹಜ. ಅವನನ್ನು ಹೆಸರಿನ ಮೋಹಿಯೆಂದು ಜರೆಯುವುದು ಅನ್ಯಾಯ.

ಆದರೂ ಹೆಸರೆಂಬುದು ಏನು ಎಂದು ಕೇಳಲೇಬೇಕಾಗುತ್ತದೆ. ಕೋಲಾರದ ಒಂದು ಕಾಲೇಜನ್ನು ತೆಗೆದುಕೊಳ್ಳಿ. 2017ರವರೆಗೆ ಅದು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ವಿಭಜನೆಯ ಅನಂತರ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಹಾಸನದ ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಅದೇ ಮುಂದೆ ಹಾಸನ ವಿಶ್ವವಿದ್ಯಾನಿಲಯವಾಯಿತು. ಕಟ್ಟಡ ಅದೇ, ಗ್ರಂಥಭಂಡಾರ ಅದೇ, ಕರಿಹಲಗೆ ಅದೇ. ಪದವಿಪತ್ರದ ಮೇಲಿನ ಮುದ್ರೆ ಬದಲಾದೊಡನೆ ಉದ್ಯೋಗ ಕೊಡುವವನ ಕಣ್ಣಿನಲ್ಲಿ ವಿದ್ಯಾರ್ಥಿಯ ತೂಕ ಇಳಿಯಿತೆಂದರೆ, ಆ ತೂಕದಲ್ಲಿ ವಿದ್ಯೆಯ ಪಾಲೆಷ್ಟು, ಮುದ್ರೆಯ ಪಾಲೆಷ್ಟು ಎಂಬುದನ್ನು ಯೋಚಿಸಬೇಕು.

ಹೆಸರಿಗೆ ಈಗ ಅಂಕಿಯ ಬಲವೂ ಬಂದಿದೆ. ಕೇಂದ್ರ ಸರ್ಕಾರ 2016ರಿಂದ ವರ್ಷವರ್ಷವೂ ವಿದ್ಯಾಸಂಸ್ಥೆಗಳ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸುತ್ತಿದೆ. ವಿಶ್ವವಿದ್ಯಾನಿಲಯಗಳನ್ನು ಅಳೆಯುವಾಗ ಬೋಧನೆ ಮತ್ತು ಸೌಕರ್ಯಕ್ಕೆ ನೂರರಲ್ಲಿ 30, ಸಂಶೋಧನೆಗೆ 30, ವಿದ್ಯಾರ್ಥಿಗಳ ತೇರ್ಗಡೆ ಮುಂತಾದ ಫಲಕ್ಕೆ 20, ಎಲ್ಲ ವರ್ಗದವರಿಗೂ ಎಡೆ ಮಾಡಿಕೊಡುವುದಕ್ಕೆ 10, ಲೋಕಾಭಿಪ್ರಾಯಕ್ಕೆ 10 ಎಂದು ಅಂಕಗಳನ್ನು ಹಂಚಿದ್ದಾರೆ. ಸಂಶೋಧನೆಯ 30 ಅಂಕಗಳು ಪದವಿ ತರಗತಿಯ ಹುಡುಗನ ಬೆಂಚಿನವರೆಗೆ ಎಷ್ಟು ತಲಪುತ್ತವೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವಿಶ್ವವಿದ್ಯಾನಿಲಯಗಳ ಈ ಪಟ್ಟಿಯಲ್ಲಿ 2016ರಿಂದಲೂ ಅಗ್ರಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಅದರ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ಕನ್ನಡ ಸಾಹಿತ್ಯವನ್ನೋ ಇತಿಹಾಸವನ್ನೋ ಓದಬಯಸುವವನಿಗೆ ಆ ಅಗ್ರಸ್ಥಾನದಿಂದ ಪ್ರಯೋಜನವಿಲ್ಲ. ಪಟ್ಟಿ ಸಂಸ್ಥೆಯನ್ನು ಅಳೆಯುತ್ತದೆ. ವಿದ್ಯಾರ್ಥಿ ಓದುವುದು ವಿಭಾಗದಲ್ಲಿ, ಕೆಲವೇ ಅಧ್ಯಾಪಕರ ಮುಂದೆ.

ಹಾಗಾದರೆ ದೊಡ್ಡ ಸಂಸ್ಥೆಯಿಂದ ಲಾಭವೇ ಇಲ್ಲವೆ? ಇದೆ, ಆದರೆ ಯಾರಿಗೆ, ಯಾವ ಬಗೆಯ ಲಾಭ ಎಂಬುದನ್ನು ಬಿಡಿಸಿ ನೋಡಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಒಂದು ಪ್ರಸಿದ್ಧ ಅಧ್ಯಯನವನ್ನು ಪ್ರಕಟಿಸಿದರು. 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಗಳಿಕೆಯನ್ನು ಅವರು ಪರಿಶೀಲಿಸಿದರು. ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಬಗೆಯ ಕಾಲೇಜುಗಳಲ್ಲಿ ಪ್ರವೇಶ ಪಡೆದವರನ್ನು ಪರಸ್ಪರ ಹೋಲಿಸಿದಾಗ, ಹೆಚ್ಚು ಆಯ್ದುಕೊಳ್ಳುವ ಕಾಲೇಜಿಗೆ ಹೋದವರಿಗೂ ಅಂಥದನ್ನು ಬಿಟ್ಟು ಬೇರೆಡೆ ಹೋದವರಿಗೂ ಗಳಿಕೆಯಲ್ಲಿ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಅಂದರೆ ಹೆಸರಾಂತ ಕಾಲೇಜಿನ ಯಶಸ್ಸೆಂದು ನಾವು ಎಣಿಸುವುದರಲ್ಲಿ ಬಹುಭಾಗ, ಅಲ್ಲಿಗೆ ಹೋದ ವಿದ್ಯಾರ್ಥಿ ಮನೆಯಿಂದಲೇ ಒಯ್ದದ್ದು. ಆದರೆ ಇದಕ್ಕೆ ಒಂದು ಅಪವಾದವಿತ್ತು. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ನಿಶ್ಚಿತವಾದ ಲಾಭ ಕಂಡಿತು. ಉಳಿದವರಿಗೆ ಮನೆ, ನೆಂಟರು, ಪರಿಚಯ ಒದಗಿಸಿಕೊಡುವುದನ್ನು ಇವರಿಗೆ ವಿದ್ಯಾಸಂಸ್ಥೆಯೇ ಒದಗಿಸಿಕೊಡಬೇಕಾಗಿತ್ತು ಎಂದು ಇದನ್ನು ಅರ್ಥಮಾಡಬಹುದು.

2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್ಮನ್ ಎಂಬ ವಿದ್ವಾಂಸರು ಅಮೆರಿಕದ ಅತ್ಯಂತ ಪ್ರತಿಷ್ಠಿತವಾದ 12 ಸಂಸ್ಥೆಗಳನ್ನು ಪರೀಕ್ಷಿಸಿ ಈ ಚಿತ್ರವನ್ನು ತುಸು ತಿದ್ದಿದರು. ಸರಾಸರಿ ಗಳಿಕೆಯ ಮೇಲೆ ಅವುಗಳ ಪರಿಣಾಮ ಅಲ್ಪವೆಂದೇ ಅವರೂ ಕಂಡರು. ಆದರೆ ಶಿಖರಕ್ಕೆ ಏರುವ, ಹೆಸರಾಂತ ಉದ್ಯೋಗಸಂಸ್ಥೆಗಳಲ್ಲಿ ಕೆಲಸ ಪಡೆಯುವ ಸಂಭವ ಗಮನಾರ್ಹವಾಗಿ ಹೆಚ್ಚುತ್ತದೆಂದು ತೋರಿಸಿದರು. ನಮ್ಮ ದೇಶದ ವಿಷಯದಲ್ಲಿ ಶೀತಲ್ ಸೇಖ್ರಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರವಾದುದು. ಪ್ರತಿಷ್ಠಿತ ಸರ್ಕಾರಿ ಕಾಲೇಜುಗಳಲ್ಲಿ ಓದಿದವರಿಗೆ ಹೆಚ್ಚಿನ ಸಂಬಳ ದೊರೆಯುತ್ತದೆ. ಆದರೆ ಕೊನೆಯ ಪರೀಕ್ಷೆಯ ಅಂಕಗಳಲ್ಲಿ ಅದಕ್ಕೆ ತಕ್ಕ ಹೆಚ್ಚಳ ಕಾಣುವುದಿಲ್ಲ ಎಂಬುದು ಅದರ ಸಾರ. ಹೆಸರಿಗೆ ಬೆಲೆಯಿದೆ; ಆ ಬೆಲೆ ಕಲಿತದ್ದಕ್ಕೆ ಸಂದ ಬೆಲೆಯೇ ಆಗಿರಬೇಕಿಲ್ಲ.

ಈ ಮೂರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿವೇಕದ ಮಾತೊಂದು ಹೊರಡುತ್ತದೆ. ಮನೆಯಲ್ಲಿ ಪುಸ್ತಕವೂ ಪರಿಚಯವೂ ಹಣವೂ ಇರುವ ವಿದ್ಯಾರ್ಥಿಗೆ ದೊಡ್ಡ ಹೆಸರು ಒಂದು ಅಲಂಕಾರ; ಅವೊಂದೂ ಇಲ್ಲದ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಅದು ಏಣಿ. ನಮ್ಮಲ್ಲಿ ಆಗುತ್ತಿರುವ ವಿಪರ್ಯಾಸವೆಂದರೆ, ಏಣಿಯ ಅವಶ್ಯಕತೆ ಉಳ್ಳವನಿಗೇ ಅದನ್ನು ಹತ್ತುವ ಖರ್ಚು ಭಾರವಾಗುವುದು.

ಇದಕ್ಕೆ ಡಾಕ್ಟರ್ ಅಂಬೇಡ್ಕರರ ವಿದ್ಯಾಭ್ಯಾಸಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಅವರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಜಾನ್ ಡ್ಯೂಯಿಯಂತಹ ಗುರುಗಳ ಪಾಠ ಅವರ ಬುದ್ಧಿಗೆ ಕೊಟ್ಟ ಪುಷ್ಟಿ ಲೋಕವಿದಿತ. 1916ರಲ್ಲಿ ಅವರು ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯಕ್ಕೆ ಬಂದರು. ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಬೇಕಾಯಿತು. ಮೂರು ವರ್ಷ ದುಡಿದು 1920ರಲ್ಲಿ ಮತ್ತೆ ಹೋಗಿ, 1921ರಲ್ಲಿ ಎಂ.ಎಸ್‌ಸಿ., 1923ರಲ್ಲಿ ಡಿ.ಎಸ್‌ಸಿ. ಪದವಿಗಳನ್ನು ಪಡೆದರು. ದೊಡ್ಡ ವಿದ್ಯಾಸಂಸ್ಥೆ ಅಸಾಧಾರಣನಾದ ಬಡವನಿಗೆ ಏನನ್ನು ಕೊಡಬಲ್ಲದು ಎಂಬುದಕ್ಕೂ, ಬೆನ್ನ ಹಿಂದೆ ನಿಲ್ಲಬೇಕಾದ ಹಣ ನಿಂತರೆ ಅಂಥವನೂ ಹೇಗೆ ದಾರಿಯ ನಡುವೆ ನಿಲ್ಲಬೇಕಾಗುತ್ತದೆ ಎಂಬುದಕ್ಕೂ ಈ ಒಂದೇ ಚರಿತ್ರೆ ಸಾಕು. ಮತ್ತೆ ಹೋಗುವ ಛಲ ಎಲ್ಲರಿಗೂ ಇರಲಾರದು.

ಇನ್ನು ಹೊತ್ತಿನ ಪ್ರಶ್ನೆ. ಭತ್ತ ಬೆಳೆಯುವವರಿಗೆ ಗೊತ್ತು, ಸಸಿಮಡಿಯಿಂದ ಪೈರನ್ನು ಕಿತ್ತು ನಾಟಿ ಮಾಡುವುದಕ್ಕೆ ಒಂದು ಹದವಿದೆ. ತೀರ ಎಳೆಯದನ್ನು ಕಿತ್ತರೆ ಬಾಡುತ್ತದೆ, ಬಲಿತದ್ದನ್ನು ನೆಟ್ಟರೆ ತೆಂಡೆಯೊಡೆಯುವುದಿಲ್ಲ. ನಮ್ಮ ನಾಡಿನ ಹಿರಿಯ ವಿದ್ವಾಂಸರಲ್ಲಿ ಅನೇಕರು ಊರು ಬಿಟ್ಟು ಹೋದದ್ದು ಒಂದು ಹಂತವನ್ನು ಪೂರೈಸಿದ ಮೇಲೆ. ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಮುಗಿಸಿ ಕಾಶಿಗೆ ಹೋದರು, ಅಲ್ಲಿ ಎಂ.ಎಸ್‌ಸಿ. ಮುಗಿಸಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯಕ್ಕೆ ಹೋಗಿ 1958ರಲ್ಲಿ ಪಿಎಚ್.ಡಿ. ಪಡೆದರು. ಎಂ.ಎನ್. ಶ್ರೀನಿವಾಸರು ಮೈಸೂರಿನಲ್ಲಿ ಪದವಿ ಪಡೆದು ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾದರು. ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದರು. ಆದರೆ ಅವರ ವಿದ್ವತ್ತಿಗೆ ವಸ್ತುವಾದುದು ಮೈಸೂರು ಸೀಮೆಯ ಒಂದು ಹಳ್ಳಿ. 1948ರಲ್ಲಿ ಅಲ್ಲಿ ನೆಲೆಸಿ ಕಂಡುದೇ ಮುಂದೆ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಗ್ರಂಥವಾಯಿತು. ದೂರದ ವಿದ್ಯಾಪೀಠ ಅವರಿಗೆ ನೋಡುವ ಕಣ್ಣನ್ನು ಕೊಟ್ಟಿತು. ನೋಡಬೇಕಾದ ವಸ್ತುವನ್ನು ತವರು ನೆಲವೇ ಕೊಟ್ಟಿತು.

ಪದವಿಯ ನಡುವೆ ಎದ್ದು ಹೋಗುವವನಿಗೆ ಈ ಅನುಕೂಲವಿರುವುದಿಲ್ಲ. ಅವನು ಹೊಸ ತರಗತಿಗೆ ಹೋಗುವ ವೇಳೆಗೆ ಗೆಳೆತನಗಳು ಕೂಡಿಬಿಟ್ಟಿರುತ್ತವೆ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಗುರುತಿಸಿಯಾಗಿರುತ್ತದೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಹೋದವನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಪಾಠ ಕೇಳುವ ಮೊದಲ ಆರು ತಿಂಗಳ ಒಂಟಿತನವನ್ನು ಯಾವ ಶ್ರೇಯಾಂಕ ಪಟ್ಟಿಯೂ ಎಣಿಸಿಲ್ಲ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆದು ಪ್ರಬಂಧವನ್ನು ತಿದ್ದಿಕೊಡುತ್ತಿದ್ದ ಮೇಷ್ಟರು ಇಲ್ಲಿರುವುದಿಲ್ಲ. ಮುಂದೆ ಯಾರಾದರೂ ಅವನ ಯೋಗ್ಯತೆಯ ಬಗ್ಗೆ ಪತ್ರ ಬರೆದುಕೊಡಬೇಕಾದಾಗ, ಹಳೆಯವರು ದೂರವಾಗಿರುತ್ತಾರೆ, ಹೊಸಬರಿಗೆ ಪರಿಚಯ ಸಾಲದಾಗಿರುತ್ತದೆ.

ಮಾತನ್ನು ಇನ್ನಷ್ಟು ಸ್ಪಷ್ಟಪಡಿಸಲು ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆಕೆ ಹಾಸನದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ, ಇತಿಹಾಸ ಅವಳ ಮೆಚ್ಚಿನ ವಿಷಯ, ದಿಲ್ಲಿಗೆ ಹೋಗಬೇಕೆಂಬ ಆಸೆ. ಅವಳು ಮೊದಲು ಕೇಳಿಕೊಳ್ಳಬೇಕಾದುದು ಯಾವ ಇತಿಹಾಸ ತನಗೆ ಬೇಕು ಎಂಬುದು. ಆಧುನಿಕ ಭಾರತದ ರಾಜಕೀಯ ಚರಿತ್ರೆ ಬೇಕಾದರೆ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಸಮನಾದುದು ಬೇರೆಡೆ ಇಲ್ಲ. ಅವಳ ಆಸೆ ಯುಕ್ತವಾದುದು. ಶಾಸನಗಳ, ಹೊಯ್ಸಳರ ಚರಿತ್ರೆ ಬೇಕಾದರೆ ಸ್ಥಿತಿ ಬೇರೆ. ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದಾದ ಹಲ್ಮಿಡಿಯ ಶಾಸನ ದೊರೆತದ್ದು ಅವಳ ಜಿಲ್ಲೆಯಲ್ಲಿಯೇ. 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಬೇಲೂರು, ಹಳೇಬೀಡುಗಳು ಬಸ್ಸಿನ ಹಾದಿ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಿಡೀ ಹಾಸನ ಜಿಲ್ಲೆಯ ಶಾಸನಗಳಿಗೆ ಮೀಸಲು. ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನಶಾಖೆಯ ಮುಖ್ಯ ಕಚೇರಿ ಇರುವುದು ಮೈಸೂರಿನಲ್ಲಿ. ಲೋಕ ಯಾವ ಪಟ್ಟಿಯನ್ನೇ ಹಿಡಿದಿರಲಿ, ಈ ವಿದ್ಯಾರ್ಥಿನಿಯ ಪಾಲಿಗೆ ಪ್ರತಿಷ್ಠಿತ ಸ್ಥಳ ಮೂರು ಗಂಟೆಯ ದಾರಿಯಲ್ಲಿದೆ. ಪದವಿ ಮುಗಿಸಿ, ಹಳಗನ್ನಡವನ್ನೂ ಲಿಪಿಯನ್ನೂ ಕಲಿತು, ಆಮೇಲೆ ಹೊರಟರೂ ತಡವಾಗದು.

ಇದರರ್ಥ ಎಲ್ಲರೂ ಇದ್ದಲ್ಲಿಯೇ ಇರಬೇಕೆಂದಲ್ಲ. ಪ್ರಯೋಗಶಾಲೆಯಲ್ಲಿ ಉಪಕರಣವೇ ಇಲ್ಲದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಹುಡುಗನಿಗೆ ತಾಳ್ಮೆಯ ಉಪದೇಶ ಮಾಡುವುದು ಕ್ರೌರ್ಯ. ವರ್ಷವಿಡೀ ತನ್ನ ವಿಷಯಕ್ಕೆ ಅಧ್ಯಾಪಕನೇ ಬಾರದ ತರಗತಿಯಲ್ಲಿ ಕುಳಿತವಳು ಹೊರಡುವುದೇ ಸರಿ. ಆದರೆ ಹೊರಡುವ ಮುನ್ನ, ಹೊರಡದೆಯೇ ದೊರೆಯುವುದನ್ನು ಪಡೆದುಕೊಂಡಿದ್ದೇನೆಯೇ ಎಂದು ನೋಡಬೇಕು. ಸ್ವಯಂ ಎಂಬ ಅಂತರ್ಜಾಲ ಪಾಠಮಾಲೆ 2017ರಿಂದ ನಡೆಯುತ್ತಿದೆ. ಒಂದು ಸೆಮಿಸ್ಟರಿನ ಪಾಠಗಳಲ್ಲಿ ನೂರಕ್ಕೆ 40ರವರೆಗೆ ಅದರಿಂದ ಪಡೆಯಲು ಅನುದಾನ ಆಯೋಗ 2021ರಲ್ಲಿ ಅವಕಾಶ ಕೊಟ್ಟಿದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ವಿಜ್ಞಾನ ಅಕಾಡೆಮಿಗಳು ಬೇಸಗೆಯಲ್ಲಿ ದೊಡ್ಡ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುವ ಶಿಷ್ಯವೃತ್ತಿಯನ್ನು ನೀಡುತ್ತ ಬಂದಿವೆ. ಪದವಿ ಮುಗಿದ ಮೇಲೆ ಸ್ನಾತಕೋತ್ತರ ತರಗತಿಗಳಿಗೂ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳುಂಟು. ಆ ಬಾಗಿಲಿನಲ್ಲಿ ಹೋದವನಿಗೆ ಹಿಂದಿನ ವರ್ಷಗಳು ನಷ್ಟವಾಗುವುದಿಲ್ಲ.

ಇಷ್ಟು ವಿದ್ಯಾರ್ಥಿಯ ಮಾತಾಯಿತು. ಹೋದವನು ಬಿಟ್ಟುಹೋದ ತರಗತಿಯ ಮಾತೂ ಇದೆ. ಪ್ರತಿ ವರ್ಷ ಮೊದಲ ಬೆಂಚು ಬರಿದಾಗುವ ಕಾಲೇಜಿನಲ್ಲಿ ಅಧ್ಯಾಪಕನ ಉತ್ಸಾಹ ಕುಗ್ಗುತ್ತದೆ. ಅಧ್ಯಾಪಕನ ಉತ್ಸಾಹ ಕುಗ್ಗಿದ ಕಾಲೇಜಿನಿಂದ ಮುಂದಿನ ವರ್ಷ ಇನ್ನೂ ಇಬ್ಬರು ಹೋಗುತ್ತಾರೆ. ಚರ್ಚಾಕೂಟ, ಭಿತ್ತಿಪತ್ರಿಕೆ, ನಾಟಕ, ಎಲ್ಲವೂ ಇಂತಹ ನಾಲ್ಕಾರು ಮಂದಿಯಿಂದಲೇ ನಡೆಯತಕ್ಕವು. ಇದು ನಿಜವಾದ ನಷ್ಟ. ಆದರೆ ಈ ನಷ್ಟವನ್ನು ಹತ್ತೊಂಬತ್ತು ವರ್ಷದ ಹುಡುಗಿಯ ಹೆಗಲಿಗೆ ಹೊರಿಸಿ, ನೀನು ಉಳಿದರೆ ಊರು ಉಳಿದೀತು ಎನ್ನುವುದು ಹಿರಿಯರಿಗೆ ಶೋಭಿಸದ ಮಾತು. ನಮ್ಮ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನಂಬಿ ನಡೆಯುತ್ತಿದ್ದುವು. 2023ರ ಕೊನೆಯಲ್ಲಿ ಅವರು ಸೇವಾಭದ್ರತೆಯನ್ನು ಕೇಳಿ ಮುಷ್ಕರ ಹೂಡಿದಾಗ ಎಷ್ಟೋ ಕಡೆ ತರಗತಿಗಳೇ ನಿಂತುವು. ನಾಳೆ ತನಗೆ ಕೆಲಸವಿರುವುದೋ ಇಲ್ಲವೋ ತಿಳಿಯದ ಗುರುವಿನ ಮುಂದೆ, ನಾಳೆ ತನ್ನ ವಿಶ್ವವಿದ್ಯಾನಿಲಯವಿರುವುದೋ ಇಲ್ಲವೋ ತಿಳಿಯದ ಶಿಷ್ಯನನ್ನು ಕೂರಿಸಿ, ನಿಷ್ಠೆಯಿಂದಿರು ಎಂದರೆ ಯಾರು ಇದ್ದಾರು?

ಬೇರೆ ದೇಶಗಳಲ್ಲಿ ಇದಕ್ಕೆ ಮಾಡಿದ ಏರ್ಪಾಟುಗಳುಂಟು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆಯನ್ನು ಹಾಕಿಕೊಂಡಿತು. ಊರೂರಿನ ಎರಡು ವರ್ಷದ ಕಾಲೇಜುಗಳಿಗೆ ಎಲ್ಲರಿಗೂ ಪ್ರವೇಶ. ಅಲ್ಲಿ ಚೆನ್ನಾಗಿ ಓದಿದವರಿಗೆ ರಾಜ್ಯದ ದೊಡ್ಡ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಹೋಗಲು ಗೊತ್ತಾದ ದಾರಿ. ಆ ಯೋಜನೆಯ ಎಲ್ಲ ಆಶಯಗಳೂ ಕೈಗೂಡಿಲ್ಲವೆಂಬುದು ನಿಜ. ಆದರೂ ಸ್ಥಾನಾಂತರವನ್ನು ಒಬ್ಬೊಬ್ಬ ವಿದ್ಯಾರ್ಥಿಯ ಸಾಹಸಕ್ಕೆ ಬಿಡದೆ ವ್ಯವಸ್ಥೆಯ ಅಂಗವನ್ನಾಗಿ ಮಾಡಿದ್ದು ದೊಡ್ಡದು. ಮೈಸೂರು, ಧಾರವಾಡ, ಬೆಂಗಳೂರುಗಳ ಹಳೆಯ ವಿಶ್ವವಿದ್ಯಾನಿಲಯಗಳು ಎರಡನೆಯ ವರ್ಷದಲ್ಲಿ ಕೆಲವು ಸ್ಥಾನಗಳನ್ನು ಹೊಸ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೆ ಬಹಿರಂಗವಾಗಿ ಮೀಸಲಿಟ್ಟರೆ, ಒಂದು ಸೆಮಿಸ್ಟರು ಅಲ್ಲಿ ಓದಿ ಮರಳಿ ಬರುವ ದಾರಿಯನ್ನು ತೆರೆದರೆ, ಅಧ್ಯಾಪಕರನ್ನು ಅತ್ತಿಂದಿತ್ತ ಕಳುಹಿಸಿಕೊಟ್ಟರೆ, ಹೋಗುವುದು ಶಾಶ್ವತವಾದ ಅಗಲಿಕೆಯೇ ಆಗಬೇಕಾಗಿಲ್ಲ. ಕ್ರೆಡಿಟ್ ಬ್ಯಾಂಕಿನ ನಿಯಮ ಇದಕ್ಕೆ ಅಡ್ಡಿಯಲ್ಲ. ಅದನ್ನು ಬಳಸುವ ಮನಸ್ಸು ಬೇಕು.

ಅಲ್ಲಿಯವರೆಗೆ ವಿದ್ಯಾರ್ಥಿ ತನ್ನ ತೀರ್ಮಾನವನ್ನು ತಾನೇ ಮಾಡಬೇಕಾಗಿದೆ. ತನಗೆ ಬೇಕಾದ ಯಾವ ವಿದ್ಯೆ ಇಲ್ಲಿ ದೊರೆಯದು ಎಂಬುದನ್ನು ಅವನು ಒಂದು ಕಾಗದದ ಮೇಲೆ ಬರೆಯಲಿ. ಅಲ್ಲಿ ಅದನ್ನು ಕಲಿಸುವವರು ಯಾರು, ಅವರು ಪದವಿ ತರಗತಿಗೆ ಪಾಠ ಮಾಡುತ್ತಾರೆಯೇ ಎಂಬುದನ್ನು ವಿಚಾರಿಸಲಿ. ಓದಿದ ವರ್ಷಗಳಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆಂಬುದನ್ನೂ, ಇಲ್ಲಿಯ ವಿದ್ಯಾರ್ಥಿವೇತನ ಅಲ್ಲಿಗೂ ಬರುವುದೇ ಎಂಬುದನ್ನೂ ಬರಹದಲ್ಲಿ ಪಡೆದುಕೊಳ್ಳಲಿ. ಕೊನೆಯವರೆಗಿನ ಖರ್ಚು ನಿಶ್ಚಿತವಾಗಿ ಒದಗುವುದೇ ಎಂದು ಮನೆಯವರೊಡನೆ ಕುಳಿತು ನೋಡಲಿ. ಆ ಕಾಗದದ ಮೇಲೆ ಸಂಸ್ಥೆಯ ಹೆಸರಲ್ಲದೆ ಇನ್ನೇನೂ ಮೂಡದಿದ್ದರೆ ಪದವಿ ಮುಗಿಯುವವರೆಗೆ ಕಾಯುವುದು ಮೇಲು. ಒಬ್ಬ ಗುರು, ಒಂದು ಪ್ರಯೋಗಶಾಲೆ, ಒಂದು ಗ್ರಂಥಭಂಡಾರ ಎಂದು ಸ್ಪಷ್ಟವಾಗಿ ಬರೆಯಬಲ್ಲವನಾದರೆ ಅವನು ಸಂಕೋಚಪಡದೆ ಹೊರಡಲಿ. ತಂದೆತಾಯಿಗಳು ಹರಸಿ ಕಳುಹಿಸಲಿ. ಅವನು ಹೋದುದಕ್ಕೆ ಹಳಹಳಿಸುವ ನಾವು, ಆ ಒಬ್ಬ ಗುರುವೂ ಆ ಒಂದು ಪ್ರಯೋಗಶಾಲೆಯೂ ಅವನ ಊರಿನಲ್ಲಿಯೇ ಏಕೆ ಇರಲಿಲ್ಲವೆಂಬ ಪ್ರಶ್ನೆಯನ್ನು ಬೆಂಗಳೂರಿನ ವಿಧಾನಸೌಧದ ಕಡೆಗೆ ತಿರುಗಿಸಬೇಕು.